ಉಬ್ಬರ ನೋಡಿಕೊಂಡು ಹೊರಡಿ: ಜಮೈಕಾ ಬೇ ಕೊಳದಲ್ಲಿ ಹಕ್ಕಿ ನೋಡುವುದು ಹೇಗೆ

ಕೆನಡಿ ಏರ್‌ಪೋರ್ಟಿನಲ್ಲಿ ವಿಮಾನ ಇಳಿಯುವಾಗ ಕಿಟಕಿಯಿಂದ ಹುಲ್ಲಿನ ನಡುಗಡ್ಡೆಗಳು, ಅವುಗಳ ನಡುವೆ ಹಾವಿನಂತೆ ಹರಿಯುವ ನೀರು ಕಾಣುತ್ತದಲ್ಲ, ಅದೇ ಜಮೈಕಾ ಬೇ. ಮಕ್ಕಳ ಮನೆಗೆಂದು ನ್ಯೂಯಾರ್ಕಿಗೆ ಬರುವ ಅಪ್ಪ ಅಮ್ಮಂದಿರು ಅದನ್ನು ಮೇಲಿನಿಂದ ನೋಡಿರುತ್ತಾರೆ, ಕೆಳಗಿಳಿದು ನೋಡಿರುವುದಿಲ್ಲ. ಆ ಕೊಲ್ಲಿಯ ದ್ವೀಪದಲ್ಲಿ ಎರಡು ದೊಡ್ಡ ಕೊಳಗಳಿವೆ, ವೆಸ್ಟ್ ಪಾಂಡ್ ಮತ್ತು ಈಸ್ಟ್ ಪಾಂಡ್. ಈ ಜಾಗದಲ್ಲಿ ಇದುವರೆಗೆ 330ಕ್ಕೂ ಹೆಚ್ಚು ಬಗೆಯ ಹಕ್ಕಿಗಳು ಕಂಡಿವೆ. ಪ್ರವೇಶಕ್ಕೆ ದುಡ್ಡಿಲ್ಲ.

ಹೊರಡುವ ಮೊದಲು ಉಬ್ಬರದ ವೇಳೆ ನೋಡಿ. ಬೇರೆ ಏನು ಮರೆತರೂ ನಡೆಯುತ್ತದೆ, ಇದನ್ನು ಮರೆತರೆ ಆಗುವುದಿಲ್ಲ. ನಾನು ಮೊದಲ ಸಲ ಆಗಸ್ಟ್ ತಿಂಗಳಲ್ಲಿ ಬೆಳಕು ಹರಿಯುವಷ್ಟರಲ್ಲೇ ಹೋಗಿ ನಿಂತಿದ್ದೆ, ಕೊಳದಲ್ಲಿ ನಾಲ್ಕು ಬಾತು ಬಿಟ್ಟರೆ ಏನೂ ಇರಲಿಲ್ಲ. ಆಗ ಇಳಿತ. ಇಳಿತದಲ್ಲಿ ಕೊಲ್ಲಿಯ ಕೆಸರು ಬಯಲಾಗುತ್ತದೆ, ಗೊರವಗಳೆಲ್ಲ (ನೀರಂಚಿನ ಕೆಸರಲ್ಲಿ ಮೇಯುವ ಹಕ್ಕಿಗಳು) ಅಲ್ಲಿ ಹುಳು ಹೆಕ್ಕುತ್ತಾ ಹರಡಿಕೊಂಡಿರುತ್ತವೆ. ನೀರು ಏರಿ ಆ ಕೆಸರು ಮುಳುಗಿದಾಗ ಅವುಗಳಿಗೆ ಕಾಲೂರಲು ಜಾಗ ಬೇಕಲ್ವಾ? ಆಗ ಹಿಂಡು ಹಿಂಡಾಗಿ ಕೊಳಕ್ಕೆ ಬರುತ್ತವೆ. ಹಾಗಾಗಿ ಉಬ್ಬರ ತುಂಬುವ ಎರಡು ಗಂಟೆ ಮೊದಲೇ ಅಲ್ಲಿರಿ. ಉಬ್ಬರ ದಿನಕ್ಕೆ ಸುಮಾರು 50 ನಿಮಿಷ ಮುಂದಕ್ಕೆ ಹೋಗುತ್ತದೆ, ಕಳೆದ ವಾರದ ಲೆಕ್ಕ ಈ ವಾರಕ್ಕೆ ಬರುವುದಿಲ್ಲ. ಕುಂದಾಪುರ, ಕಾರವಾರದ ಕಡೆಯವರಿಗೆ ಇದನ್ನು ಹೇಳಿಕೊಡಬೇಕಿಲ್ಲ. ಒಂದು ಮಾತು ಮಾತ್ರ: ಹೊರಗಿನ ಕಡಲತೀರದ ವೇಳೆ ನೋಡಬೇಡಿ, ಕೊಲ್ಲಿಯೊಳಗೆ ನೀರು ತಡವಾಗಿ ಏರುತ್ತದೆ.

ಗೊರವಗಳಿಗೆ ಜುಲೈ ಮಧ್ಯದಿಂದ ಸೆಪ್ಟೆಂಬರ್‌ವರೆಗೆ ಒಳ್ಳೆಯ ಕಾಲ. ನ್ಯೂಯಾರ್ಕ್ ಸಬ್‌ವೇಯ ಎ ರೈಲು ಹಿಡಿದು ಬ್ರಾಡ್ ಚಾನೆಲ್ ನಿಲ್ದಾಣದಲ್ಲಿ ಇಳಿಯಿರಿ, ಅಲ್ಲಿಂದ ಒಂದು ಕಿಲೋಮೀಟರಿಗಿಂತ ಸ್ವಲ್ಪ ಜಾಸ್ತಿ ನಡಿಗೆ. ಲೆಫರ್ಟ್ಸ್ ಬುಲೆವಾರ್ಡ್ ಕಡೆ ಹೋಗುವ ಎ ರೈಲು ಹತ್ತಿದರೆ ಇಲ್ಲಿಗೆ ಬರುವುದೇ ಇಲ್ಲ, ಬೋರ್ಡ್ ನೋಡಿ ಹತ್ತಿ. ಎಂಟು ಪಟ್ಟು ದೊಡ್ಡದಾಗಿ ತೋರಿಸುವ 8x42 ಬೈನಾಕ್ಯುಲರ್ ಇದ್ದರೆ ಸಾಕು. ನೀರು, ಟೋಪಿ, ಸೊಳ್ಳೆ ಔಷಧಿ, ಉದ್ದ ಪ್ಯಾಂಟ್, ಈಸ್ಟ್ ಪಾಂಡ್‌ಗೆ ರಬ್ಬರ್ ಬೂಟು.

ಮೊದಲು ವೆಸ್ಟ್ ಪಾಂಡ್ ಸುತ್ತಿ. ಇವೆರಡೂ ತಾವಾಗಿ ಆದ ಕೊಳಗಳಲ್ಲ. 1950ರ ದಶಕದ ಆರಂಭದಲ್ಲಿ ಏರಿ ಹಾಕಿ ಮಾಡಿದ್ದು, ನಮ್ಮ ಕಡೆ ಕೆರೆ ಕಟ್ಟಿದ ಹಾಗೆಯೇ. ಹರ್ಬರ್ಟ್ ಜಾನ್ಸನ್ ಎಂಬ ಅಧಿಕಾರಿ ಹಕ್ಕಿಗಳಿಗೆ ಆಗುವ ಹಣ್ಣಿನ ಗಿಡಗಳನ್ನು ಹುಡುಕಿ ಹುಡುಕಿ ನೆಡಿಸಿದರು. 2012ರ ಸ್ಯಾಂಡಿ ಚಂಡಮಾರುತದಲ್ಲಿ ವೆಸ್ಟ್ ಪಾಂಡ್‌ನ ಏರಿ ಒಡೆದು ಸಿಹಿನೀರಿಗೆ ಉಪ್ಪುನೀರು ನುಗ್ಗಿತು. ಅದನ್ನು ಮುಚ್ಚಿದ್ದು 2017ರಲ್ಲಿ. ಐದು ವರ್ಷ ಒಡೆದೇ ಇತ್ತು ಅಂದುಕೊಂಡರೆ ಈಗಲೂ ಸಂಕಟವಾಗುತ್ತದೆ. ದಾರಿ ಬದಿಯಲ್ಲಿ ಪಾಪಾಸುಕಳ್ಳಿ ಕಂಡು ಅಚ್ಚರಿಪಡಬೇಡಿ, ಅದು ಇಲ್ಲಿನದೇ ಜಾತಿ. ಜೂನ್, ಜುಲೈನಲ್ಲಿ ಟೆರಪಿನ್ ಆಮೆಗಳು ಮೊಟ್ಟೆ ಇಡಲು ದಾರಿಗೇ ಬರುತ್ತವೆ, ನೋಡಿ ಹೆಜ್ಜೆ ಇಡಿ. ಕಂಬದ ಮೇಲಿನ ಗೂಡುಗಳಲ್ಲಿ ಮೀನು ಡೇಗೆ ಇರುತ್ತದೆ. ಅದು ಮೀನು ಹಿಡಿದು ಬರುವಾಗ ಕಾಲನ್ನೇ ನೋಡಿ: ಒಂದು ಕಾಲು ಮುಂದೆ, ಒಂದು ಕಾಲು ಹಿಂದೆ, ಮೀನಿನ ತಲೆ ಹಾರುವ ದಿಕ್ಕಿಗೇ ತಿರುಗಿರುತ್ತದೆ. ನಮ್ಮ ಊರಿನ ಮಿಂಚು ಕೆಂಬರಲು ಕೂಡ ಇಲ್ಲಿದೆ, ಅದೇ ಜಾತಿ, ಅದೇ ಬಾಗಿದ ಕೊಕ್ಕು.

ಉಬ್ಬರ ಹತ್ತಿರವಾದಾಗ ರಸ್ತೆ ದಾಟಿ ಈಸ್ಟ್ ಪಾಂಡ್‌ಗೆ ಹೋಗಿ. ಏರಿ ಇರುವುದರಿಂದ ಉಬ್ಬರದ ನೀರು ಕೊಳದೊಳಗೆ ಬರುವುದಿಲ್ಲ, ಹಾಗಾಗಿ ಕೊಳದ ನೀರು ತಗ್ಗಿದ್ದರೆ ಆಗಲೂ ಅಂಚಿನಲ್ಲಿ ಕೆಸರು ತೆರೆದುಕೊಂಡಿರುತ್ತದೆ. ಈ ಕೆಸರು ಕೆಲವು ಕಡೆ ಮೊಣಕಾಲವರೆಗೂ ಎಳೆಯುತ್ತದೆ, ಗಟ್ಟಿ ಅಂಚು ಬಿಟ್ಟು ಹೋಗಬೇಡಿ. ಬೆಳಿಗ್ಗೆಯಾದರೆ ಪೂರ್ವದ ದಡ, ಮಧ್ಯಾಹ್ನದ ಮೇಲೆ ಪಶ್ಚಿಮದ ದಡ. ಬಿಸಿಲು ಬೆನ್ನಿಗಿರಲಿ, ಇಲ್ಲದಿದ್ದರೆ ಎಲ್ಲ ಹಕ್ಕಿಯೂ ಕಪ್ಪಾಗಿಯೇ ಕಾಣುತ್ತದೆ.

ಆಮೇಲೆ ಸುಮ್ನೆ ಒಂದು ಕಡೆ ಕೂತುಬಿಡಿ. ಹಕ್ಕಿಯ ಹಿಂದೆ ಹೋದರೆ ಅದು ದೂರ ಹೋಗುತ್ತದೆ, ಕೂತರೆ ಮೇಯುತ್ತಾ ತಾನಾಗಿಯೇ ಹತ್ತಿರ ಬರುತ್ತದೆ. ನೂರಾರು ಗೊರವಗಳನ್ನು ಒಟ್ಟಿಗೆ ನೋಡಿ ಗಾಬರಿಯಾಗಬೇಡಿ. ಒಂದೇ ಒಂದನ್ನು ಹಿಡಿದುಕೊಳ್ಳಿ. ಹಳದಿ ಕಾಲಿನದು ಯೆಲ್ಲೋಲೆಗ್ಸ್. ಅದರ ಕೊಕ್ಕು ತಲೆಯಷ್ಟೇ ಉದ್ದವಿದ್ದು ನೆಟ್ಟಗಿದ್ದರೆ ಚಿಕ್ಕ ಜಾತಿ, ತಲೆಗಿಂತ ಚೆನ್ನಾಗಿ ಉದ್ದವಿದ್ದು ತುದಿ ಸ್ವಲ್ಪ ಮೇಲಕ್ಕೆ ಬಾಗಿದ್ದರೆ ದೊಡ್ಡದು. ಕೆಸರಿಗೆ ಕೊಕ್ಕನ್ನು ಬುಡದವರೆಗೂ ಇಳಿಸಿ ಟಕಟಕ ಚುಚ್ಚುತ್ತಿದ್ದರೆ ಡೌವಿಚರ್. ಕಪ್ಪು ಕಾಲಿನ, ಗುಬ್ಬಿ ಗಾತ್ರದ್ದು ಸೆಮಿಪಾಲ್ಮೇಟೆಡ್ ಸ್ಯಾಂಡ್‌ಪೈಪರ್. ಅದರ ತೂಕ ಸುಮಾರು 25 ಗ್ರಾಂ, ಮರಿ ಮಾಡುವುದು ಉತ್ತರದ ಹಿಮದ ಬಯಲಲ್ಲಿ, ಚಳಿ ಕಳೆಯುವುದು ದಕ್ಷಿಣ ಅಮೆರಿಕದಲ್ಲಿ. ಆ ದೂರಕ್ಕೆ ಬೇಕಾದ ಕೊಬ್ಬನ್ನು ಅದು ಇಂಥ ಕೆಸರಿನಲ್ಲೇ ಸಂಪಾದಿಸಬೇಕು. ಒಂದು ಫೋಟೋಗಾಗಿ ಹಿಂಡನ್ನೇ ಎಬ್ಬಿಸುವವರನ್ನು ಕಂಡರೆ ನನಗೆ ಸಿಟ್ಟು ಬರುವುದು ಅದಕ್ಕೇ. ಮೇಯುವುದು ನಿಲ್ಲಿಸಿ ತಲೆ ಎತ್ತಿದರೆ ನೀವು ಜಾಸ್ತಿ ಹತ್ತಿರ ಬಂದಿದ್ದೀರಿ, ಅಲ್ಲೇ ನಿಂತು ಮೆಲ್ಲಗೆ ಹಿಂದೆ ಸರಿಯಿರಿ.

ನೀರು ಇಳಿಯತೊಡಗಿದ ಮೇಲೆ ಒಂದೊಂದೇ ಗುಂಪು ಎದ್ದು ಕೊಲ್ಲಿಯ ಕಡೆ ಹೊರಡುತ್ತದೆ. ನೀವೂ ಹೊರಡಿ. ಎಣಿಸಿದ್ದನ್ನು ಅಲ್ಲೇ ಈಬರ್ಡ್‌ನಲ್ಲಿ (ಕಂಡ ಹಕ್ಕಿಗಳ ಲೆಕ್ಕ ದಾಖಲಿಸುವ ಆ್ಯಪ್) ಬರೆದುಬಿಡಿ, ಮನೆಗೆ ಹೋದರೆ ಸಂಖ್ಯೆ ಮರೆಯುತ್ತದೆ. ರೈಲು ಹತ್ತುವ ಮೊದಲು ಪ್ಯಾಂಟಿನ ಮಡಿಕೆ, ಸಾಕ್ಸಿನ ಅಂಚು ನೋಡಿಕೊಳ್ಳಿ. ಇಲ್ಲಿನ ಹುಲ್ಲಿನಲ್ಲಿ ರಕ್ತ ಹೀರುವ ಉಣ್ಣಿ ಇದೆ, ಕಚ್ಚಿದರೆ ಲೈಮ್ ಕಾಯಿಲೆ ಬರಬಹುದು. ಮಕ್ಕಳಿದ್ದರೆ ಕಿವಿ ಹಿಂದೆ, ಮೊಣಕಾಲ ಹಿಂದೆ ಕೂಡ ನೋಡಿ.