ಗೇಟು ತೆರೆದಿಡಿ, ಅಜ್ಜಿಯರೂ ಬರಲಿ: ನಮ್ಮ ಕಾಲೇಜಿನ ವಿಜ್ಞಾನ ಹಬ್ಬ

ನಾನು ಒಂದು ತಾಲ್ಲೂಕು ಕೇಂದ್ರದ ಡಿಗ್ರಿ ಕಾಲೇಜಿನಲ್ಲಿ ಕೆಮಿಸ್ಟ್ರಿ ಪಾಠ ಮಾಡುತ್ತೇನೆ. ಪ್ರತಿ ವರ್ಷ ಫೆಬ್ರವರಿಯ ಒಂದು ಶನಿವಾರ, ಭಾನುವಾರ ನಮ್ಮ ಕ್ಯಾಂಪಸ್ಸಿನಲ್ಲಿ ವಿಜ್ಞಾನ ಹಬ್ಬ ನಡೆಯುತ್ತದೆ. ಟಿಕೆಟ್ ಇಲ್ಲ, ಹೆಸರು ಬರೆಸುವುದೂ ಇಲ್ಲ. ಯಾರು ಬೇಕಾದರೂ ಬರಬಹುದು. ಹೇಗೆ ಮಾಡ್ತೀರಿ, ಏನೇನು ಬೇಕು ಅಂತ ಬೇರೆ ಊರಿನ ಮೇಷ್ಟ್ರುಗಳು ಆಗಾಗ ಕೇಳುತ್ತಿರುತ್ತಾರೆ. ಇದು ಅವರಿಗಾಗಿ.

ಈ ಆಸೆ ಹುಟ್ಟಿದ್ದು ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ಓಪನ್ ಡೇ ನೋಡಿದ ಮೇಲೆ. ಅಂದು ಅಲ್ಲಿನ ಲ್ಯಾಬುಗಳೆಲ್ಲ ಜನರಿಗೆ ತೆರೆದಿರುತ್ತವೆ, ದುಡ್ಡು ಕೊಡಬೇಕಿಲ್ಲ. ಮೈನಸ್ 196 ಡಿಗ್ರಿಯ ದ್ರವ ನೈಟ್ರೋಜನ್‌ನಲ್ಲಿ ಹೂವು ಅದ್ದಿ ಮೇಜಿಗೆ ತಟ್ಟಿದರೆ ಪುಡಿಪುಡಿಯಾಗುತ್ತದೆ. ಮಕ್ಕಳು ಬಾಯಿಬಿಟ್ಟು ನೋಡುತ್ತಿದ್ದರು. ಅವರಪ್ಪ ಅಮ್ಮಂದಿರೂ ಹಾಗೇ ನೋಡುತ್ತಿದ್ದರು. ನಮ್ಮೂರಿನ ಕೂಲಿ ಮಾಡುವ ಮನೆಯವರು ಮೂರು ಮಕ್ಕಳನ್ನು ಕಟ್ಟಿಕೊಂಡು ಅಲ್ಲಿಗೆ ಹೋಗಿಬರುವುದು ಆಗದ ಮಾತು. ಇಲ್ಲೇ ಏನಾದರೂ ಮಾಡಬೇಕು ಅನ್ನಿಸಿತು. ನಮ್ಮಲ್ಲಿ ದ್ರವ ನೈಟ್ರೋಜನ್ ಇಲ್ಲ. ಅರಿಶಿನ ಇದೆ, ಸುಣ್ಣ ಇದೆ, ಆಕಾಶ ಇದೆ.

ಮೊದಲು ತಾರೀಖು. ಸಿ. ವಿ. ರಾಮನ್ ತಮ್ಮ ಶೋಧವನ್ನು ಪ್ರಕಟಿಸಿದ್ದು 1928ರ ಫೆಬ್ರವರಿ 28ರಂದು. ಅದರ ನೆನಪಿಗೇ ಆ ದಿನ ರಾಷ್ಟ್ರೀಯ ವಿಜ್ಞಾನ ದಿನ. ಹಾಗಾಗಿ ಫೆಬ್ರವರಿ ಸರಿ. ಮಳೆಯ ಕಾಟವೂ ಕಡಿಮೆ, ಪರೀಕ್ಷೆಗಳ ಬಿಸಿ ಇನ್ನೂ ಪೂರ್ತಿ ಏರಿರುವುದಿಲ್ಲ. ಆದರೆ ಯಾವ ವಾರ ಅನ್ನುವುದನ್ನು ನಾವು ಪಂಚಾಂಗ ನೋಡಿ ಗೊತ್ತು ಮಾಡುತ್ತೇವೆ. ಶುಕ್ಲ ಪಕ್ಷದ ಸಪ್ತಮಿ, ಅಷ್ಟಮಿಯ ಆಸುಪಾಸಿನ ಭಾನುವಾರ ಬೇಕು. ಅವತ್ತು ಸಂಜೆ ಕತ್ತಲಾಗುವ ಹೊತ್ತಿಗೆ ಅರ್ಧ ಚಂದ್ರ ನೆತ್ತಿಯ ಹತ್ತಿರವೇ ಇರುತ್ತಾನೆ. ಬೆಳಕು, ಕತ್ತಲು ಸೇರುವ ಅಂಚಿನಲ್ಲಿ ಕುಳಿಗಳ ನೆರಳು ಉದ್ದಕ್ಕೆ ಬಿದ್ದಿರುತ್ತದೆ. ಸಣ್ಣ ದೂರದರ್ಶಕದಲ್ಲೂ ಕುಳಿಗಳು ಎದ್ದು ಕಾಣುತ್ತವೆ. ಹುಣ್ಣಿಮೆಯಂದು ಬಿಸಿಲು ನೇರವಾಗಿ ಬಿದ್ದು ನೆರಳೇ ಇರುವುದಿಲ್ಲ, ಚಂದ್ರ ಬರೀ ಬಿಳಿ ತಟ್ಟೆ.

ಶಾಲೆಗಳಿಗೆ ಮಾತ್ರ ಹೇಳಿದರೆ ಮೇಷ್ಟ್ರು ಸಾಲು ಮಾಡಿಸಿ ಕರೆದುಕೊಂಡು ಬರುತ್ತಾರೆ, ಅಷ್ಟೇ. ಮನೆಯವರು ಬರುವುದಿಲ್ಲ. ಅದಕ್ಕೆ ನಮ್ಮ ಹುಡುಗರು ಕರಪತ್ರ ಹಿಡಿದು ಸಂತೆಗೆ, ಹಾಲಿನ ಡೇರಿಗೆ, ಬಸ್ ಸ್ಟ್ಯಾಂಡಿಗೆ ಹೋಗುತ್ತಾರೆ. ಬೆಳಿಗ್ಗೆ ಡೇರಿಯಲ್ಲಿ ಕೊಟ್ಟ ಚೀಟಿ ಸಂಜೆಯೊಳಗೆ ಊರೆಲ್ಲ ಸುತ್ತಿರುತ್ತದೆ. ಆದರೂ ಗೇಟಿನ ಹತ್ತಿರ ಬಂದು ನಿಂತುಬಿಡುವವರು ತುಂಬಾ ಜನ. ಕಾಲೇಜು ಅಂದರೆ ಓದಿದವರ ಜಾಗ ಅನ್ನುವ ಅಳುಕು. ಲ್ಯಾಬಿನ ಬಾಗಿಲಲ್ಲಿ ಚಪ್ಪಲಿ ಬಿಟ್ಟು ಒಳಗೆ ಬರುತ್ತಾರೆ. ಬೇಡ, ಹಾಕಿಕೊಳ್ಳಿ, ನೆಲದಲ್ಲಿ ಗಾಜಿನ ಚೂರು ಇರಬಹುದು ಅಂತ ಹೇಳಿ ಹಾಕಿಸಬೇಕು. ಇದಕ್ಕೆಂದೇ ಗೇಟಿನಲ್ಲಿ ಇಬ್ಬರು ಹುಡುಗಿಯರನ್ನು ನಿಲ್ಲಿಸಿದ್ದೇವೆ. ‘ಬನ್ನಿ ಅಕ್ಕ, ಬನ್ನಿ ಅಜ್ಜಿ’ ಅಂತ ಕರೆದು ಮೊದಲ ಮೇಜಿನವರೆಗೆ ಜೊತೆಯಲ್ಲೇ ಹೋಗುವುದು ಅವರ ಕೆಲಸ. ಇಡೀ ಹಬ್ಬದಲ್ಲಿ ಇದಕ್ಕಿಂತ ದೊಡ್ಡ ಕೆಲಸ ಇನ್ನೊಂದಿಲ್ಲ ಅಂತ ನಾನು ನಂಬಿದ್ದೇನೆ.

ಮೊದಲ ಮೇಜು ಬಣ್ಣದ್ದು. ಅರಿಶಿನವನ್ನು ಸ್ಪಿರಿಟ್‌ನಲ್ಲಿ ಕಲಸಿ ಸೋಸಬೇಕು. ನೀರಿನಲ್ಲಿ ಅದರ ಬಣ್ಣ ಸರಿಯಾಗಿ ಕರಗುವುದಿಲ್ಲ. ಫಿಲ್ಟರ್ ಪೇಪರನ್ನು ಅದರಲ್ಲಿ ಅದ್ದಿ, ನೆರಳಲ್ಲಿ ಒಣಗಿಸಿ, ಪಟ್ಟಿ ಪಟ್ಟಿ ಕತ್ತರಿಸಿಕೊಳ್ಳಬೇಕು. ಬಿಸಿಲಿಗಿಟ್ಟರೆ ಅರಿಶಿನದ ಬಣ್ಣ ಮಾಸುತ್ತದೆ. ಸ್ಪಿರಿಟ್ ಬೇಗ ಹತ್ತಿಕೊಳ್ಳುತ್ತೆ, ಹಾಗಾಗಿ ಈ ಕೆಲಸ ಹಿಂದಿನ ದಿನವೇ ಮುಗಿಯಬೇಕು, ಹತ್ತಿರ ಬೆಂಕಿ ಇರಕೂಡದು. ಮೇಜಿನ ಮೇಲೆ ನಿಂಬೆರಸ, ಮಜ್ಜಿಗೆ, ಅಡುಗೆ ಸೋಡಾ, ಸೋಪಿನ ನೀರು. ಸುಣ್ಣವನ್ನು ರಾತ್ರಿಯೇ ನೀರಿಗೆ ಹಾಕಿಟ್ಟು, ಬೆಳಿಗ್ಗೆ ಮೇಲಿನ ತಿಳಿ ಮಾತ್ರ ಡ್ರಾಪರ್ ಬಾಟಲಿಗೆ ತುಂಬುತ್ತೇವೆ. ಆ ಬಾಟಲಿ ಮಾತ್ರ ನಮ್ಮ ವಿದ್ಯಾರ್ಥಿಯ ಕೈಯಲ್ಲೇ ಇರುತ್ತದೆ. ಸುಣ್ಣ ಕಣ್ಣಿಗೆ ಬಿದ್ದರೆ ಅಪಾಯ.

ಒಂದು ಸಲ ಒಬ್ಬ ಅಜ್ಜಿ ಮೊಮ್ಮಗನ ಹಿಂದೆ ನಿಂತು ನೋಡುತ್ತಿದ್ದರು. ಹಳದಿ ಪಟ್ಟಿಯ ಮೇಲೆ ಸುಣ್ಣದ ತಿಳಿ ಬಿತ್ತು, ಕೆಂಪಾಯಿತು. ‘ಇದು ಆರತಿ ನೀರಲ್ವೇನಮ್ಮ?’ ಅಂದರು. ಹೌದು, ಮದುಮಕ್ಕಳನ್ನು ಮನೆಗೆ ಕರೆದುಕೊಳ್ಳುವಾಗ ತಟ್ಟೆಯಲ್ಲಿ ಅರಿಶಿನ, ಸುಣ್ಣ ಕಲಸಿ ಎತ್ತುವ ಕೆಂಪಾರತಿ ಇದೇ. ಅಜ್ಜಿ ಮುಂದೆ ಬಂದು ಮೊಮ್ಮಗನಿಗೆ ತಾವೇ ಹೇಳಿಕೊಟ್ಟರು, ಎಷ್ಟು ಅರಿಶಿನಕ್ಕೆ ಎಷ್ಟು ಸುಣ್ಣ ಅಂತ. ನಮ್ಮ ಹುಡುಗಿ ಅದೇ ಪಟ್ಟಿಯ ಮೇಲೆ ನಿಂಬೆರಸ ಬಿಟ್ಟಳು. ಕೆಂಪು ಹೋಗಿ ಮತ್ತೆ ಹಳದಿ ಬಂತು. ಅದನ್ನು ಅಜ್ಜಿ ನೋಡಿರಲಿಲ್ಲ. ಸ್ವಲ್ಪ ಯೋಚಿಸಿ ಕೇಳಿದರು: ‘ಹುಣಸೆಹಣ್ಣು ಹಿಂಡಿದ್ರೂ ಹಿಂಗೇ ಆಯ್ತದಾ?’

ಹಾಸ್ಟೆಲ್ ಅಡುಗೆಮನೆಯಿಂದ ಹುಣಸೆ ತರಿಸಿದೆವು. ಅಜ್ಜಿಯೇ ಕಿವುಚಿ ಬಿಟ್ಟರು. ಪಟ್ಟಿ ಹಳದಿಯಾಯಿತು. ಅವತ್ತಿನಿಂದ ಹುಣಸೆ ಆ ಮೇಜಿನ ಮೇಲೆ ಕಾಯಂ. ಸಂಶೋಧನೆ ಅಂದರೆ ಇದೇ ಅಲ್ವಾ? ಒಂದನ್ನು ನೋಡಿ, ಹಾಗಾದರೆ ಇನ್ನೊಂದು ಹಾಕಿದರೆ ಏನಾಗುತ್ತೆ ಅಂತ ಕೇಳುವುದು.

ಆಮೇಲೆಯೇ ನಮ್ಮ ಹುಡುಗಿ ಕಾರಣ ಹೇಳಿದ್ದು. ಅರಿಶಿನದ ಬಣ್ಣ ಕರ್ಕ್ಯುಮಿನ್ ಅನ್ನುವ ವಸ್ತುವಿನದು. ಸುಣ್ಣದಂಥ ಕ್ಷಾರ ಸಿಕ್ಕರೆ ಅದರ ಅಣು ಒಂದು ಹೈಡ್ರೋಜನ್ ಅಯಾನನ್ನು, ಅಂದರೆ ವಿದ್ಯುತ್ ಚಾರ್ಜಿರುವ ಹೈಡ್ರೋಜನ್ ಕಣವನ್ನು, ಬಿಟ್ಟುಕೊಡುತ್ತದೆ. ಆಗ ಅದು ಹೀರುವ ಬೆಳಕೇ ಬೇರೆ, ನಮ್ಮ ಕಣ್ಣಿಗೆ ಕೆಂಪು ಕಾಣುತ್ತದೆ. ಹುಳಿ ಹಾಕಿದರೆ ಬಿಟ್ಟಿದ್ದು ವಾಪಸ್ ಸೇರಿಕೊಳ್ಳುತ್ತದೆ. ಬಿಳಿ ಅಂಗಿಯ ಸಾರಿನ ಕಲೆಗೆ ಸೋಪು ಹಚ್ಚಿದರೆ ಕೆಂಪಾಗುವುದೂ ಇದಕ್ಕೇ ಅಂದಾಗ ಸುತ್ತ ನಿಂತಿದ್ದ ಅಮ್ಮಂದಿರೆಲ್ಲ ‘ಓ’ ಅಂದರು.

ನಮ್ಮ ವಿದ್ಯಾರ್ಥಿಗಳಿಗೆ ಹೇಳಿರುವುದು ಇಷ್ಟೇ. ಬಂದವರ ಕೈಗೆ ಮೊದಲು ವಸ್ತು ಕೊಡಿ, ಏನಾಗಬಹುದು ಅಂತ ಕೇಳಿ, ಮಾಡಿ ನೋಡಲಿ. ಪಾಠ ಕೊನೆಗೆ, ಅದೂ ಕೇಳಿದರೆ ಮಾತ್ರ. ಫೈನಲ್ ಇಯರ್ ಹುಡುಗರಿಗೆ ಇದು ಕಷ್ಟ, ಬಾಯಿಪಾಠ ಮಾಡಿದ್ದನ್ನು ಒಪ್ಪಿಸಲು ಕಾಯುತ್ತಿರುತ್ತಾರೆ. ಹಿಂದಿನ ವಾರ ಕಾಲೇಜಿನ ಆಯಾ, ವಾಚ್‌ಮನ್ ಅವರನ್ನೇ ಕೂರಿಸಿ ಅಭ್ಯಾಸ ಮಾಡಿಸುತ್ತೇವೆ.

ಎರಡನೆಯ ಮೇಜಿನಲ್ಲಿ ಫ್ರಿಜ್, ಏಸಿ ರಿಪೇರಿಯವರು ಕೊಟ್ಟ ತಾಮ್ರದ ಪೈಪು, ಅದರೊಳಗೆ ಬಿಡಲು ಜೋರಿನ ಮ್ಯಾಗ್ನೆಟ್ಟು. ತಾಮ್ರಕ್ಕೆ ಮ್ಯಾಗ್ನೆಟ್ ಅಂಟುವುದಿಲ್ಲ, ಆದರೂ ಪೈಪಿನೊಳಗೆ ನಿಧಾನಕ್ಕೆ ಇಳಿಯುತ್ತದೆ. ಬೀಳುವ ಮ್ಯಾಗ್ನೆಟ್ಟು ತಾಮ್ರದಲ್ಲಿ ಕರೆಂಟು ಹುಟ್ಟಿಸುತ್ತದೆ, ಆ ಕರೆಂಟು ಮ್ಯಾಗ್ನೆಟ್ಟನ್ನೇ ತಡೆಯುತ್ತದೆ. ಎಲೆಕ್ಟ್ರಿಷಿಯನ್ ಅಪ್ಪಂದಿರು ಇಲ್ಲಿಂದ ಅಲ್ಲಾಡುವುದಿಲ್ಲ. ಚಿಕ್ಕ ಮಕ್ಕಳು ನುಂಗದಷ್ಟು ದೊಡ್ಡ ಮ್ಯಾಗ್ನೆಟ್ಟನ್ನೇ ಇಡಬೇಕು, ಇದರಲ್ಲಿ ರಾಜಿ ಬೇಡ.

ಸಂಜೆ ದೂರದರ್ಶಕದ ಸಾಲಿನಲ್ಲಿ ಹಿರಿಯರನ್ನು ಮುಂದೆ ಬಿಡುತ್ತೇವೆ, ಪಕ್ಕದಲ್ಲಿ ಕುರ್ಚಿ ಇಟ್ಟಿರುತ್ತೇವೆ. ಪುಟ್ಟವರಿಗೆ ಮೆಟ್ಟಿಲಿನಂಥ ಮಣೆ.

ಇನ್ನು ಖರ್ಚು. ಬಣ್ಣದ ಮೇಜಿನ ಸಾಮಾನು ದಿನಸಿ ಅಂಗಡಿಯಲ್ಲೇ ಸಿಗುತ್ತದೆ. ಶಾಮಿಯಾನಕ್ಕೆ ಹಳೆಯ ವಿದ್ಯಾರ್ಥಿಗಳು ಕೊಡುತ್ತಾರೆ. ಮೈಕಿಗೆ ದುಡ್ಡು ಹಾಕಬೇಡಿ, ಗದ್ದಲದಲ್ಲಿ ಮಾತೇ ಕೇಳುವುದಿಲ್ಲ. ಆ ದುಡ್ಡಲ್ಲಿ ಕುಡಿಯುವ ನೀರಿನ ಕ್ಯಾನು ತರಿಸಿ. ಟಾಯ್ಲೆಟ್ಟುಗಳ ಬೀಗ ಬೆಳಿಗ್ಗೆಯೇ ತೆಗೆಸಿ, ನೀರು ಬರುತ್ತಿದೆಯಾ ನೋಡಿ. ಹೆಂಗಸರು, ಮಕ್ಕಳು ಸಂಜೆಯವರೆಗೆ ಇರಬೇಕು ಅಂದರೆ ಇದು ಬೇಕೇ ಬೇಕು.