ಮೀನಿನ ಮುಳ್ಳಿಗೆ ಸಿಕ್ಕಿಸಿದ ಚರ್ಚೆ

ಜುಲೈಯಲ್ಲಿ ಮಳೆ ರಜೆ ಸಾರಿದ ದಿನ ನಾನು ಪಿಯುಸಿ ತರಗತಿಯ ಚರ್ಚೆಯನ್ನು ಮೊಬೈಲಿಗೆ ಸಾಗಿಸುತ್ತೇನೆ. ಪ್ರಶ್ನೆ ಹಾಕಿದ ಹತ್ತು ನಿಮಿಷಕ್ಕೆ ನಲವತ್ತು ಸಂದೇಶ, ಅದರಲ್ಲಿ ಮೂವತ್ತು ‘ಹೌದು ಸರ್’. ಉಳಿದ ಹತ್ತರಲ್ಲಿ ಒಳ್ಳೆಯ ಮಾತು ಎಲ್ಲಿ ಹೂತುಹೋಯಿತೆಂದು ಹುಡುಕುವುದೇ ರಾತ್ರಿಯ ಕೆಲಸ. ಈ ರಾಶಿಯನ್ನು ಒಂದು ಚಿತ್ರದೊಳಗೆ ಕೂರಿಸಲು ಕಲಿತ ಮೇಲೆ ಕಷ್ಟ ಅರ್ಧಕ್ಕಿಳಿಯಿತು.

ಮೊದಲು ಆ್ಯಪ್ ಹುಡುಕಬೇಡಿ, ಪ್ರಶ್ನೆಯ ಆಕಾರ ನೋಡಿ. ಯಕ್ಷಗಾನದ ತೆಂಕುತಿಟ್ಟು, ಬಡಗುತಿಟ್ಟುಗಳನ್ನು ಹೋಲಿಸುವುದಾದರೆ ಒಂದರ ಮೇಲೊಂದು ಹಾಯುವ ಎರಡು ವೃತ್ತ, ಅಂದರೆ ವೆನ್ ಚಿತ್ರ ಸಾಕು. ಕಾರಣ ಹುಡುಕುವ ಪ್ರಶ್ನೆಗೆ ಮೀನಿನ ಮುಳ್ಳಿನ ಚಿತ್ರ. ಜಪಾನಿನ ಕವೊರು ಇಶಿಕಾವಾ ಇದನ್ನು ಬಳಕೆಗೆ ತಂದದ್ದು ಕಾರ್ಖಾನೆಗಳ ಗುಣಮಟ್ಟದ ದೋಷ ಹುಡುಕಲು. ಬಂಗುಡೆ ತಿಂದು ಬೆಳೆದ ನಮ್ಮ ಮಕ್ಕಳಿಗೆ ಅದನ್ನು ವಿವರಿಸುವ ಅಗತ್ಯವೇ ಬೀಳಲಿಲ್ಲ.

ನಾನು ಇಟ್ಟ ಪ್ರಶ್ನೆ: ಬೂತಾಯಿ (ಸಾರ್ಡಿನ್ ಮೀನು) ಕಡಿಮೆಯಾಗುವುದೇಕೆ? ಪ್ರಶ್ನೆ ಮೀನಿನ ತಲೆಯಲ್ಲಿ. ನಡುಮುಳ್ಳಿನಿಂದ ನಾಲ್ಕು ದೊಡ್ಡ ಮುಳ್ಳುಗಳು: ಬಲೆ, ಸಮುದ್ರ, ಕಾನೂನು, ಮಾರುಕಟ್ಟೆ. ಇಷ್ಟನ್ನೇ ಬಿಡಿಸಿ, ಉಳಿದದ್ದನ್ನು ಖಾಲಿ ಬಿಡಿ. ಹಳೆಯ ವಿಡಿಯೊಗಳಲ್ಲಿ ಹೊಗಳುವ ಆನ್‌ಲೈನ್ ಬಿಳಿಹಲಗೆ ಜಾಮ್‌ಬೋರ್ಡ್ ಈಗಿಲ್ಲ. ಗೂಗಲ್ ಅದನ್ನು 2024ರ ಕೊನೆಗೆ ಮುಚ್ಚಿತು. ಮೊಬೈಲಿನಲ್ಲೂ ತಿದ್ದಬಹುದಾದ ಗೂಗಲ್ ಸ್ಲೈಡ್ಸ್ ಸಾಕು. ಐವರ ಗುಂಪಿಗೆ ಒಂದು ಸ್ಲೈಡ್ ಕೊಡಿ. ಮುಳ್ಳಿನ ಚಿತ್ರವನ್ನು ಕಂಪ್ಯೂಟರಿನಲ್ಲೇ ಸ್ಲೈಡಿನ ಹಿನ್ನೆಲೆಯಾಗಿ ಇಟ್ಟುಬಿಡಿ. ಇಲ್ಲದಿದ್ದರೆ ಯಾರದೋ ಹೆಬ್ಬೆರಳು ತಾಗಿ ನಡುಮುಳ್ಳೇ ಪರದೆಯ ಮೂಲೆ ಸೇರುತ್ತದೆ. ನನ್ನಲ್ಲಿ ಎರಡು ಸಲ ಸೇರಿದೆ.

ಮೊದಲ ಹತ್ತು ನಿಮಿಷ ಮಾತಿಲ್ಲ. ಒಬ್ಬೊಬ್ಬರೂ ಎರಡು ಸಣ್ಣ ಮುಳ್ಳು ಸೇರಿಸಬೇಕು: ಹತ್ತು ಪದ ಮೀರಬಾರದು, ಕೊನೆಗೆ ಇನಿಷಿಯಲ್ ಇರಬೇಕು. ಆಮೇಲೆ ಬೇರೆಯವರ ಒಂದು ಮುಳ್ಳಿಗೆ ‘ಹೇಗೆ ಗೊತ್ತು?’ ಎಂದು ಕಾಮೆಂಟ್ ಹಾಕಬೇಕು. ನಿಜವಾದ ಚರ್ಚೆ ಹುಟ್ಟುವುದು ಇಲ್ಲಿ. ಒಬ್ಬ ‘ಮರಿ ಮೀನು ಹಿಡಿಯುತ್ತಾರೆ’ ಎಂದು ಬಲೆಯ ಕೆಳಗೆ ಬರೆದ. ಮಲ್ಪೆಯ ಹುಡುಗಿಯೊಬ್ಬಳು ಅದನ್ನು ಎತ್ತಿ ಮಾರುಕಟ್ಟೆಯ ಕೆಳಗಿಟ್ಟಳು: ಮೀನಿನ ಪುಡಿ ಮಾಡುವ ಫಿಶ್‌ಮೀಲ್ ಕಾರ್ಖಾನೆ ಕೊಳ್ಳುವುದರಿಂದಲೇ ತಾನೇ ಹಿಡಿಯುವುದು? ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ದೋಣಿ ಕಡಲಿಗಿಳಿಯುವಂತಿಲ್ಲವಲ್ಲ, ಅಷ್ಟು ಸಾಲದೇ ಎಂದು ಇನ್ನೊಬ್ಬ ಕಾನೂನಿನ ಮುಳ್ಳಿನಿಂದ ಕೇಳಿದ. ಆಗ ಉಪನ್ಯಾಸಕರು ಸುಮ್ಮನಿರಬೇಕು. ಅದೇ ಕಷ್ಟ.

ಹೀಗೆ ಒಂದು ಕಾರಣ ಎರಡು ಮುಳ್ಳುಗಳಿಗೆ ಸಲ್ಲತೊಡಗಿದರೆ ಮೀನನ್ನು ಬಿಟ್ಟು, ಪದಗಳನ್ನು ಗೆರೆಗಳಿಂದ ಜೋಡಿಸುವ ಪರಿಕಲ್ಪನಾ ನಕ್ಷೆಗೆ ಹೊರಳಿ. 1970ರ ದಶಕದಲ್ಲಿ ಕಾರ್ನೆಲ್ ವಿಶ್ವವಿದ್ಯಾಲಯದ ಜೋಸೆಫ್ ನೊವಾಕ್ ರೂಪಿಸಿದ ಈ ನಕ್ಷೆಯ ಗುಟ್ಟು ಗೆರೆಯ ಮೇಲಿನ ಮಾತಿನಲ್ಲಿದೆ. ‘ಕಾರ್ಖಾನೆ’, ‘ಮರಿ ಮೀನು’ ನಡುವೆ ಬರೀ ಗೆರೆ ಎಳೆದರೆ ಒಪ್ಪಬೇಡಿ. ‘ಕೊಳ್ಳುತ್ತದೆ’ ಎಂದು ಬರೆಸಿ.

ಕರೆಂಟ್ ಹೋಗಿ ನೆಟ್‌ವರ್ಕ್ ಕೈಕೊಟ್ಟವರು ನೋಟ್‌ಬುಕ್ಕಿನಲ್ಲಿ ಬಿಡಿಸಿ, ಸಂಜೆ ಫೋಟೊ ಕಳುಹಿಸಲಿ. ಅದನ್ನೂ ಅವರ ಗುಂಪಿನ ಸ್ಲೈಡಿನ ಪಕ್ಕದಲ್ಲೇ ಅಂಟಿಸಿಡಿ.