ಎರಡು ಸಾವಿರ ಮೈಲಿ ದೂರದ ಬಾಡಿಗೆ ಮನೆ: ನನ್ನ ಅನುಭವ

ಮೈಸೂರಿನಲ್ಲಿ ನಮ್ಮ ಮನೆಯ ಹಿಂದೆ ಎರಡು ಪುಟ್ಟ ಬಾಡಿಗೆ ಮನೆಗಳಿದ್ದವು. ಅಮ್ಮ ಅವನ್ನು ನೋಡಿಕೊಳ್ಳುತ್ತಿದ್ದುದು ಕಿವಿಯಿಂದ. ನೀರಿನ ಮೋಟರ್ ಜಾಸ್ತಿ ಹೊತ್ತು ಓಡಿದರೆ ಎಲ್ಲೋ ನಲ್ಲಿ ಸೋರುತ್ತಿದೆ ಅಂತ ಅಡುಗೆಮನೆಯಲ್ಲಿ ನಿಂತೇ ಹೇಳಿಬಿಡುತ್ತಿದ್ದರು. 2021ರಲ್ಲಿ ಕ್ಯಾಲಿಫೋರ್ನಿಯಾದ ಸನಿವೇಲ್‌ನಲ್ಲಿ ಕೂತು ಒಹಾಯೋ ರಾಜ್ಯದ ಕ್ಲೀವ್‌ಲ್ಯಾಂಡ್‌ನಲ್ಲಿ ಬಾಡಿಗೆ ಮನೆ ಕೊಳ್ಳುತ್ತೇನೆ ಅಂದಾಗ ಅವರು ಕೇಳಿದ್ದು ಒಂದೇ ಮಾತು: "ಅಲ್ಲಿ ಮೋಟರ್ ಸದ್ದು ಯಾರು ಕೇಳಿಸ್ಕೋತಾರೆ ಕಣೇ?"

ಅದಕ್ಕೆ ಸರಿಯಾದ ಉತ್ತರ ಸಿಗಲು ನನಗೆ ಒಂದೂವರೆ ವರ್ಷ ಹಿಡಿಯಿತು.

ನಾವಿರುವ ಕಡೆ ಸಾಧಾರಣ ಮನೆಗೂ ಹತ್ತು ಲಕ್ಷ ಡಾಲರ್‌ಗಿಂತ ಮೇಲೆ. ಬಂದ ಬಾಡಿಗೆಯಿಂದ ಬ್ಯಾಂಕ್ ಕಂತು ಕಟ್ಟುವ ಮಾತೇ ಇಲ್ಲ. ಕ್ಲೀವ್‌ಲ್ಯಾಂಡ್‌ನಲ್ಲಿ ಹಾಗಲ್ಲ. ಅಲ್ಲಿ 'ಡಬಲ್' ಅನ್ನುವ ಮನೆಗಳು ಬೀದಿ ಬೀದಿಗೂ ಇವೆ. ಕೆಳಗೊಂದು ಸಂಸಾರ, ಮೇಲೊಂದು ಸಂಸಾರ, ಮುಂದೆ ಎರಡು ಅಂತಸ್ತಿಗೂ ಜಗಲಿ. ಹೆಚ್ಚಿನವು ನೂರು ವರ್ಷದ ಹಿಂದಿನವು. ನಮ್ಮೂರಿನ ವಠಾರವನ್ನು ಎತ್ತಿ ಒಂದರ ಮೇಲೊಂದು ಇಟ್ಟ ಹಾಗೆ. ನನ್ನ ಕಾಲೇಜು ಗೆಳತಿಯೊಬ್ಬಳು ಅಲ್ಲಿನ ಆಸ್ಪತ್ರೆಯಲ್ಲಿ ಕೆಲಸ ಮಾಡುತ್ತಾಳೆ. ಅವಳೇ ನನಗೆ ಓಲ್ಡ್ ಬ್ರೂಕ್ಲಿನ್ ಬಡಾವಣೆಯನ್ನು ವಿಡಿಯೋದಲ್ಲಿ ಸುತ್ತಿಸಿ ತೋರಿಸಿದ್ದು.

ಒಂದೇ ಸಂಸಾರದ ಮನೆ ಬಿಟ್ಟು ಎರಡರದ್ದು ಯಾಕೆ? ಒಂದು ಖಾಲಿಯಾದರೂ ಇನ್ನೊಂದರ ಬಾಡಿಗೆ ಬರುತ್ತದೆ ಅಲ್ವಾ, ಅದಕ್ಕೆ. ಅಮೆರಿಕದಲ್ಲಿ ನಾಲ್ಕು ಸಂಸಾರದ ಕಟ್ಟಡದವರೆಗೂ ಮಾಮೂಲಿ 30 ವರ್ಷದ ಗೃಹಸಾಲ ಸಿಗುತ್ತದೆ. ಐದಾದರೆ ಅದು ವಾಣಿಜ್ಯ ಸಾಲ, ಅದರ ಲೆಕ್ಕವೇ ಬೇರೆ. ನಾವು ವಾಸ ಮಾಡದ ಎರಡರಿಂದ ನಾಲ್ಕು ಸಂಸಾರದ ಕಟ್ಟಡಕ್ಕೆ ಮಾಮೂಲಿ ಸಾಲದಲ್ಲಿ ಶೇ. 25 ಕೈಯಿಂದ ಹಾಕಬೇಕು. ಅದರ ಮೇಲೆ ಆರು ತಿಂಗಳ ಕಂತು, ಕಂದಾಯ, ವಿಮೆಯಷ್ಟು ದುಡ್ಡು ಖಾತೆಯಲ್ಲಿ ಉಳಿದಿದೆ ಅಂತ ತೋರಿಸಬೇಕು. ಬರುವ ಬಾಡಿಗೆಯಲ್ಲಿ ಬ್ಯಾಂಕಿನವರು ಲೆಕ್ಕಕ್ಕೆ ಹಿಡಿಯುವುದು ಶೇ. 75 ಮಾತ್ರ. ಇದು ಜಿಪುಣತನ ಅಂತ ಆಗ ಅನಿಸಿತ್ತು. ಈಗ ನಾನೂ ಹಾಗೇ ಲೆಕ್ಕ ಹಾಕುತ್ತೇನೆ.

ನಮಗೆ ಸಿಕ್ಕ ಡಬಲ್‌ಗೆ ಮಾರುವವರು ಹೇಳಿದ ಬೆಲೆ 1,48,000 ಡಾಲರ್. ಬಾಡಿಗೆ ಕೆಳಗೆ 950, ಮೇಲೆ 900, ಒಟ್ಟು 1,850 ಅಂತ ಹಾಕಿದ್ದರು. ಅದರಲ್ಲಿ ಕಂತು, ಕಂದಾಯ, ವಿಮೆ ಕಳೆದರೆ ತಿಂಗಳಿಗೆ ಸಾವಿರ ಡಾಲರ್ ಉಳಿಯುತ್ತದೆ! ನನ್ನ ಗಂಡ ಅವತ್ತೇ ಸಹಿ ಹಾಕೋಣ ಅಂದರು. ನಾನು ಎರಡು ಪರೀಕ್ಷೆ ಆಗಲಿ ಅಂದೆ.

ಮೊದಲನೆಯದು ಬಾಡಿಗೆದಾರರ ಸಹಿ ಇರುವ ಪತ್ರ. ಅಲ್ಲಿ ಅದನ್ನು ಎಸ್ಟಾಪೆಲ್ ಅನ್ನುತ್ತಾರೆ. ಎಷ್ಟು ಬಾಡಿಗೆ, ಎಷ್ಟು ಅಡ್ವಾನ್ಸ್, ಯಾವ ತಾರೀಖಿನವರೆಗೆ ಕಟ್ಟಿದ್ದಾರೆ, ಬಾಯಿಮಾತಿನಲ್ಲಿ ಏನಾದರೂ ಒಪ್ಪಂದ ಇದೆಯಾ, ಎಲ್ಲವನ್ನೂ ಬಾಡಿಗೆದಾರರೇ ಬರೆದು ಕೊಡುತ್ತಾರೆ. ಕೆಳಗಿನ ಮನೆಯ ಅಜ್ಜಿ ಹನ್ನೊಂದು ವರ್ಷದಿಂದ ಅಲ್ಲಿದ್ದರು. ಅವರು ಕೊಡುತ್ತಿದ್ದುದು 950 ಅಲ್ಲ, 850. ಹಿಮ ಎತ್ತುವುದು, ಹುಲ್ಲು ಕತ್ತರಿಸುವುದು ಅವರ ಕೆಲಸ, ಅದಕ್ಕೆ ನೂರು ಡಾಲರ್ ಕಡಿತ. ಮಾರುವವರ ಕಾಗದದಲ್ಲಿ ಇದರ ಸುಳಿವೇ ಇರಲಿಲ್ಲ. ಆ ಒಪ್ಪಂದವನ್ನು ನಾನು ಹಾಗೇ ಮುಂದುವರಿಸಿದೆ. ನನ್ನ ಇಡೀ ವ್ಯವಹಾರದಲ್ಲಿ ಅದಕ್ಕಿಂತ ಒಳ್ಳೆಯ ನಿರ್ಧಾರ ಮತ್ತೊಂದಿಲ್ಲ.

ಎರಡನೆಯದು ಚರಂಡಿ ಪೈಪಿನೊಳಗೆ ಕ್ಯಾಮೆರಾ ಬಿಡುವುದು. ಮನೆ ಪರೀಕ್ಷೆ ಮಾಡುವ ಇನ್‌ಸ್ಪೆಕ್ಟರ್ ಇದನ್ನು ತಾನಾಗಿ ಮಾಡುವುದಿಲ್ಲ, ನಾವೇ ಬೇರೆ ದುಡ್ಡು ಕೊಟ್ಟು ಮಾಡಿಸಬೇಕು. ನಮಗೆ ಇನ್ನೂರು ಡಾಲರ್ ಆಯಿತು. ಆ ವಿಡಿಯೋ ಇನ್ನೂ ನನ್ನ ಹತ್ತಿರ ಇದೆ. ಮೊದಲು ನೆಲಮಾಳಿಗೆಯ ತುಕ್ಕು ಹಿಡಿದ ಕಬ್ಬಿಣದ ಪೈಪು. ಆಮೇಲೆ ಹಳೆಯ ಮಣ್ಣಿನ ಪೈಪು, ಎರಡು ಮೂರು ಅಡಿಗೊಂದು ಜೋಡಣೆ. ನಲವತ್ತೊಂದನೇ ಅಡಿಯಲ್ಲಿ ಕ್ಯಾಮೆರಾ ನಿಂತುಬಿಟ್ಟಿತು. ಮುಂದೆ ಪೈಪೇ ಕಾಣಲಿಲ್ಲ. ಮರದ ಬೇರುಗಳು ಬಿಚ್ಚಿದ ಕೂದಲಿನ ಹಾಗೆ ತುಂಬಿಕೊಂಡು ನೀರಿನಲ್ಲಿ ಅಲ್ಲಾಡುತ್ತಿದ್ದವು. ಬೀದಿ ಬದಿಯ ಮೇಪಲ್ ಮರದ ಬೇರು. ಅಗೆದು ಬದಲಾಯಿಸಲು 6,800 ಡಾಲರ್ ಅಂದರು.

ಇಲ್ಲಿ ಹೊಸಬರು ಗಮನಿಸಬೇಕಾದ ಒಂದು ಲೆಕ್ಕ ಇದೆ. ಬಾಡಿಗೆಗೆ ಕೊಳ್ಳುವ ಮನೆಯಲ್ಲಿ ಮಾರುವವರು ನಮ್ಮ ಖರ್ಚಿಗೆ ಅಂತ ಬಿಟ್ಟುಕೊಡುವ ದುಡ್ಡಿಗೆ ಮಾಮೂಲಿ ಸಾಲದಲ್ಲಿ ಶೇ. 2ರ ಮಿತಿ ಇದೆ. ಹಾಗಾಗಿ ಬೆಲೆಯನ್ನೇ ಇಳಿಸಿ ಅಂದೆವು. 1,42,000ಕ್ಕೆ ಬಂತು. ಆರು ಸಾವಿರ ಉಳಿಯಿತು ಅಂತ ಖುಷಿಪಟ್ಟೆ. ಆದರೆ ಕೈಯಿಂದ ಹಾಕುವ ದುಡ್ಡಿನಲ್ಲಿ ಕಡಿಮೆಯಾದದ್ದು ಅದರ ಕಾಲು ಭಾಗ, 1,500 ಮಾತ್ರ. ಉಳಿದದ್ದು 30 ವರ್ಷದ ಸಾಲದಲ್ಲಿ ಕರಗಿತು. ಪೈಪಿನ 6,800 ಮಾತ್ರ ಮೊದಲ ತಿಂಗಳೇ ನಗದಾಗಿ ಹೋಯಿತು.

ಕೊನೆಗೆ ನಾನು ಹಾಕಿದ ತಿಂಗಳ ಲೆಕ್ಕ ಹೀಗಿತ್ತು. ನಿಜವಾದ ಬಾಡಿಗೆ 1,750. ಕಂತು 508, ಕಂದಾಯ 210, ವಿಮೆ 110. ಕರೆಂಟು, ಗ್ಯಾಸ್ ಮೀಟರ್ ಬೇರೆ ಬೇರೆ ಇದ್ದವು, ಆದರೆ ನೀರಿನ ಮೀಟರ್ ಒಂದೇ. ಆ ಬಿಲ್ 130 ನನ್ನ ತಲೆಗೆ. ನಮ್ಮ ಪರವಾಗಿ ಅಲ್ಲಿ ಮನೆ ನೋಡಿಕೊಳ್ಳುವ ಮ್ಯಾನೇಜರ್‌ಗೆ 175. ಮನೆ ಖಾಲಿ ಬಿದ್ದರೆ ಅಂತ 140, ಸಣ್ಣ ರಿಪೇರಿಗೆ 175, ಸೂರು ಮತ್ತು ಮನೆ ಬೆಚ್ಚಗಿಡುವ ಫರ್ನೆಸ್‌ನಂಥ ದೊಡ್ಡ ಖರ್ಚಿಗೆ 150. ಉಳಿದದ್ದು 152 ಡಾಲರ್. ಸಾವಿರ ಎಲ್ಲಿ, 152 ಎಲ್ಲಿ? ಆದರೂ ಕೊಂಡೆವು. ಯಾಕೆಂದರೆ ಈ 152ರ ಲೆಕ್ಕವನ್ನು ನಾನು ನಂಬಬಹುದಿತ್ತು.

ರಿಜಿಸ್ಟ್ರೇಷನ್‌ಗೆ ನಾವು ಹೋಗಲಿಲ್ಲ. ನೋಟರಿ ನಮ್ಮ ಊಟದ ಮೇಜಿನ ಹತ್ತಿರವೇ ಬಂದು ಸಹಿ ಹಾಕಿಸಿಕೊಂಡರು. ದುಡ್ಡು ಕಳಿಸುವ ಮುಂಚೆ ಮಾತ್ರ ಇಮೇಲ್‌ನಲ್ಲಿ ಬಂದ ಖಾತೆ ನಂಬರನ್ನು ನಂಬದೆ, ಮಾರಾಟದ ಕಾಗದಪತ್ರ, ದುಡ್ಡು ನೋಡಿಕೊಳ್ಳುವ ಟೈಟಲ್ ಕಂಪನಿಯ ಫೋನ್ ನಂಬರ್ ಬೇರೆ ಕಡೆಯಿಂದ ಹುಡುಕಿ, ಕರೆ ಮಾಡಿ, ಒಂದೊಂದು ಅಂಕಿಯನ್ನೂ ಓದಿಸಿಕೊಂಡೆ. ದಯವಿಟ್ಟು ಇದನ್ನು ಮಾಡದೆ ಇರಬೇಡಿ. ಸುಳ್ಳು ಇಮೇಲ್ ನಂಬಿ ಜೀವಮಾನದ ಉಳಿತಾಯ ಕಳೆದುಕೊಂಡವರಿದ್ದಾರೆ.

ಹೊಸಬರಿಗೆಲ್ಲ ಮೊದಲು ಎಲ್‌ಎಲ್‌ಸಿ, ಅಂದರೆ ಮನೆಯ ಮೇಲೆ ಕೇಸು ಬಿದ್ದರೆ ನಮ್ಮ ಸ್ವಂತ ಆಸ್ತಿಗೆ ತಟ್ಟದಿರಲಿ ಅಂತ ಮಾಡುವ ಪುಟ್ಟ ಕಂಪನಿ, ಮಾಡಿ ಅನ್ನುವುದು ವಾಡಿಕೆ. ನಾವು ಮಾಡಲಿಲ್ಲ. ಕ್ಯಾಲಿಫೋರ್ನಿಯಾದಲ್ಲಿ ಕೂತು ನಡೆಸಿದರೆ ಎಲ್‌ಎಲ್‌ಸಿ ಎಲ್ಲಿಯದೇ ಆಗಿರಲಿ, ಇಲ್ಲಿಗೆ ವರ್ಷಕ್ಕೆ ಕನಿಷ್ಠ 800 ಡಾಲರ್ ತೆರಿಗೆ. ನಮ್ಮ ವರ್ಷದ ಉಳಿತಾಯವೇ 1,824! ಅದರ ಬದಲು ಹತ್ತು ಲಕ್ಷ ಡಾಲರ್‌ನ ಹೆಚ್ಚುವರಿ ಹೊಣೆ ವಿಮೆ ತೆಗೆದುಕೊಂಡೆವು. ತೆರಿಗೆ ಲೆಕ್ಕಕ್ಕೆ ಮಾತ್ರ ಅನುಭವ ಇರುವವರನ್ನೇ ಹಿಡಿಯಿರಿ. ಕೇಂದ್ರದ್ದು, ಕ್ಯಾಲಿಫೋರ್ನಿಯಾದ್ದು, ಒಹಾಯೋದ್ದು, ಸಾಲದ್ದಕ್ಕೆ ಲಾಭ ಬಂದರೆ ಕ್ಲೀವ್‌ಲ್ಯಾಂಡ್ ನಗರಕ್ಕೂ ಶೇ. 2.5.

ಮನೆ ಕೈಗೆ ಬಂದ ಮೇಲೆ ನಿದ್ದೆ ಕೆಡಿಸಿದ್ದು ದುಡ್ಡಲ್ಲ, ಸೀಸ. 1978ಕ್ಕಿಂತ ಹಳೆಯ ಮನೆಗಳಲ್ಲಿ ಸೀಸದ ಬಣ್ಣ ಇರಬಹುದು. ಕ್ಲೀವ್‌ಲ್ಯಾಂಡ್‌ನಲ್ಲಿ ಮಕ್ಕಳ ರಕ್ತದಲ್ಲಿ ಸೀಸ ಸೇರುವುದು ದೊಡ್ಡ ಸಮಸ್ಯೆ. ಅದಕ್ಕೇ ಹಳೆಯ ಬಾಡಿಗೆ ಮನೆಗಳಿಗೆ 'ಸೀಸದಿಂದ ಸುರಕ್ಷಿತ' ಅನ್ನುವ ಪ್ರಮಾಣಪತ್ರ ಬೇಕು ಅಂತ ನಗರದವರು 2019ರಲ್ಲಿ ಕಾನೂನು ಮಾಡಿದರು. 2022ರ ಬೇಸಿಗೆಯಲ್ಲಿ ನಮ್ಮ ಮನೆಯ ಧೂಳು ಒರೆಸಿ ಪರೀಕ್ಷೆಗೆ ಕಳಿಸಿದಾಗ ಮೇಲಿನ ಮನೆಯ ಒಂದು ಕಿಟಕಿ ಕಟ್ಟೆ ಫೇಲಾಯಿತು. ಹಳೆಯ ಮರದ ಕಿಟಕಿ ಎತ್ತಿ ಇಳಿಸುವಾಗ ಬಣ್ಣ ಉಜ್ಜಿ ಪುಡಿಯಾಗುತ್ತದೆ. ಅದು ಎರಡು ವರ್ಷದ ಮಗು ಮಲಗುವ ಕೋಣೆ. ರಿಪೇರಿಗೆ ಎತ್ತಿಟ್ಟ ದುಡ್ಡೆಲ್ಲ ಹೋದರೂ ಸರಿ ಅಂತ ಆ ಮನೆಯ ಕಿಟಕಿಗಳನ್ನು, ಸೀಸದ ಕೆಲಸ ಗೊತ್ತಿರುವವರಿಂದಲೇ ಬದಲಾಯಿಸಿದೆ. ಇಂಥ ಖರ್ಚನ್ನು ಮುಂದೂಡಬೇಕು ಅನಿಸುವವರು ಬಾಡಿಗೆ ಮನೆ ಕೊಳ್ಳದೇ ಇರುವುದು ಒಳ್ಳೆಯದು.

ಇನ್ನು ಮ್ಯಾನೇಜರ್ ವಿಷಯ. ಮೊದಲನೆಯವರನ್ನು ನಾನು ಆರಿಸಿದ್ದು ಕಡಿಮೆ ಫೀಸ್ ನೋಡಿ. ಬಾಡಿಗೆದಾರರಿಗೆ ನಿಮ್ಮ ನಂಬರ್ ಕೊಡಬೇಡಿ ಅಂತ ಅವರು ಹೇಳಿದ್ದರು. ಅಜ್ಜಿಗೆ ಮಾತ್ರ ಕೊಟ್ಟಿದ್ದೆ. 2022ರ ಡಿಸೆಂಬರ್ 23. ದೇಶದ ಅರ್ಧ ಭಾಗವನ್ನು ಹಿಡಿದ ಆ ಚಳಿ ಬಿರುಗಾಳಿ ಕ್ಲೀವ್‌ಲ್ಯಾಂಡ್‌ಗೂ ಬಂತು. ಫ್ಯಾರನ್‌ಹೀಟ್ ಸೊನ್ನೆಗಿಂತ ಕೆಳಗೆ. ನಮಗೆ ಸಂಜೆ ಏಳು, ಅವರಿಗೆ ರಾತ್ರಿ ಹತ್ತು. ಅಜ್ಜಿಯ ಫೋನ್: "ಮೇಲಿನವರ ಫರ್ನೆಸ್ ಆರಿಹೋಗಿದೆ. ಮಗುವನ್ನು ನಮ್ಮನೆಗೆ ಕರ್ಕೊಂಡಿದ್ದೀನಿ. ಮ್ಯಾನೇಜರ್ ಫೋನ್ ಎತ್ತುತ್ತಿಲ್ಲ."

ನಾನೂ ಒಂಬತ್ತು ಸಲ ಮಾಡಿದೆ. ಎತ್ತಲಿಲ್ಲ. ಗೆಳತಿ ಆ ಹಿಮದಲ್ಲೇ ಎರಡು ಹೀಟರ್ ತೆಗೆದುಕೊಂಡು ಹೋದಳು. ಪೈಪು ಹೆಪ್ಪುಗಟ್ಟದಂತೆ ನಲ್ಲಿಗಳನ್ನು ಸಣ್ಣಗೆ ಬಿಡಿಸಿದೆವು. ಮರುದಿನ ಮಧ್ಯಾಹ್ನ ಮೆಕ್ಯಾನಿಕ್ ಬಂದ. ಕೆಟ್ಟಿದ್ದು ಉರಿ ಹೊತ್ತಿಸುವ ಬೆರಳುದ್ದದ ಇಗ್ನೈಟರ್. ಗೆಳತಿ ಫರ್ನೆಸ್ ಮೇಲಿದ್ದ ಸರ್ವಿಸ್ ಸ್ಟಿಕರ್ ಫೋಟೋ ಕಳಿಸಿದಳು. ಕೊನೆಯ ತಾರೀಖು 2019. ಆದರೆ 2022ರ ಅಕ್ಟೋಬರ್‌ನಲ್ಲಿ ಸರ್ವಿಸ್ ಮಾಡಿಸಿದೆವು ಅಂತ ಮ್ಯಾನೇಜರ್ ನನ್ನಿಂದ ದುಡ್ಡು ತೆಗೆದುಕೊಂಡಿದ್ದರು.

ಕರಾರಿನಲ್ಲಿ 30 ದಿನದ ನೋಟಿಸ್ ಕೊಟ್ಟು ಬಿಡಬಹುದು ಅನ್ನುವ ಸಾಲು ಇತ್ತು, ಸದ್ಯ. ಹೊಸಬರನ್ನು ಹುಡುಕುವಾಗ ಫೀಸ್ ಕೊನೆಗೆ ಕೇಳಿದೆ. ಒಬ್ಬೊಬ್ಬರು ಎಷ್ಟು ಮನೆ ನೋಡಿಕೊಳ್ಳುತ್ತಾರೆ? ರಾತ್ರಿ ಫೋನ್ ಯಾರು ಎತ್ತುತ್ತಾರೆ? ರಿಪೇರಿ ಬಿಲ್ ಮೇಲೆ ನಿಮ್ಮ ಪಾಲು ಎಷ್ಟು? ಅಡ್ವಾನ್ಸ್ ದುಡ್ಡು ಯಾವ ಖಾತೆಯಲ್ಲಿ ಇರುತ್ತದೆ? ಮೂವರಿಗೆ ಭಾನುವಾರ ರಾತ್ರಿ ಒಂಬತ್ತಕ್ಕೆ, ಬಾಡಿಗೆದಾರರಿಗೆ ಅಂತ ಕೊಡುವ ನಂಬರಿಗೇ ಕರೆ ಮಾಡಿ ನೋಡಿದೆ. ಎತ್ತಿದವರು ಒಬ್ಬರೇ. ಅವರೇ ಈಗಲೂ ಇದ್ದಾರೆ. ಯಾವ ಬಿಲ್ ಬಂದರೂ ಮುಂಚಿನ ಫೋಟೋ, ಆಮೇಲಿನ ಫೋಟೋ, ಸ್ಟಿಕರ್ ಇದ್ದರೆ ಅದರ ಫೋಟೋ ಬರಬೇಕು ಅಂತ ಕರಾರಿನಲ್ಲೇ ಬರೆಸಿದೆ.

ಆ ಚಳಿ ರಾತ್ರಿಯ ವಿಷಯ ಹೇಳಿದಾಗ ಅಮ್ಮ ಮ್ಯಾನೇಜರ್ ಬಗ್ಗೆ ಏನೂ ಕೇಳಲಿಲ್ಲ. "ಆ ಅಜ್ಜಿಗೆ ಬಾಡಿಗೆ ಏರಿಸಬೇಡ" ಅಂದರು. 2024ರಲ್ಲಿ ಇಡೀ ಕೌಂಟಿಯ (ನಮ್ಮ ಜಿಲ್ಲೆಯಂಥದ್ದು) ಆಸ್ತಿಗಳಿಗೆ ಮರುಬೆಲೆ ಕಟ್ಟಿದಾಗ ನಮ್ಮ ಕಂದಾಯವೂ ಏರಿತು. ಮೇಲಿನ ಮನೆಗೆ ಐವತ್ತು ಡಾಲರ್ ಏರಿಸಿದೆ. ಕೆಳಗೆ ಇನ್ನೂ 850. ನೀರಿನ ಬಿಲ್ ಜಾಸ್ತಿ ಬಂದ ತಿಂಗಳು ಮ್ಯಾನೇಜರ್ ಹೇಳುವ ಮುಂಚೆಯೇ ಅಜ್ಜಿಯ ಮೆಸೇಜ್ ಬಂದಿರುತ್ತದೆ: ಮೇಲಿನ ಮನೆ ಫ್ಲಶ್ ರಾತ್ರಿಯೆಲ್ಲ ಸದ್ದು ಮಾಡುತ್ತಿದೆ, ಪ್ಲಂಬರ್ ಕಳಿಸಿ.